ಗೈಡೆನ್ಸ್ ವ್ಯಾಲ್ಯೂ ಜಾಸ್ತಿಯಾಯ್ತು ಅನ್ನಿಸಿದರೆ ಏನು ಮಾಡಬಹುದು? ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷಗಳ ಹಿಂದೆ ನನ್ನ ಅಕ್ಕ ಒಂದು ಸೈಟು ಕೊಂಡಳು. ಅವಳು ಕೊಟ್ಟ ಬೆಲೆಗಿಂತ ಗೈಡೆನ್ಸ್ ವ್ಯಾಲ್ಯೂ, ಅಂದರೆ ಆ ಜಾಗಕ್ಕೆ ಸರ್ಕಾರ ನಿಗದಿ ಮಾಡಿದ ದರ, ಜಾಸ್ತಿ ಇತ್ತು. ಆ ತಕರಾರಿನ ಹಿಂದೆ ಓಡಾಡಿದ್ದು ನಾನೇ. ಅವತ್ತಿನಿಂದ ನೆಂಟರು, ಅವರ ಸ್ನೇಹಿತರು ಫೋನ್ ಮಾಡಿ ಕೇಳುತ್ತಲೇ ಇದ್ದಾರೆ. ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಮುದ್ರಾಂಕ ಶುಲ್ಕದ ವಿಚಾರ ಕರ್ನಾಟಕದ ಕಾಯ್ದೆಗೆ ಸೇರಿದ್ದು. ಆದಾಯ ತೆರಿಗೆ ಮತ್ತು ಭೂಸ್ವಾಧೀನದ ಮಾತು ಇಡೀ ದೇಶಕ್ಕೆ ಅನ್ವಯಿಸುತ್ತದೆ.

ಗೈಡೆನ್ಸ್ ವ್ಯಾಲ್ಯೂವನ್ನು ಯಾರು ನಿಗದಿ ಮಾಡುತ್ತಾರೆ?

1957ರ ಕರ್ನಾಟಕ ಮುದ್ರಾಂಕ ಕಾಯ್ದೆಯ 45-ಬಿ ಕಲಂ ಪ್ರಕಾರ ಒಂದು ಕೇಂದ್ರ ಮೌಲ್ಯಮಾಪನ ಸಮಿತಿ ಇದೆ. ನೋಂದಣಿ ಮಹಾಪರಿವೀಕ್ಷಕರು ಮತ್ತು ಮುದ್ರಾಂಕ ಆಯುಕ್ತರು ಅದರ ಅಧ್ಯಕ್ಷರು. ಕೆಳಗಿನ ಉಪಸಮಿತಿಗಳು ಬಡಾವಣೆ, ರಸ್ತೆ, ಹಳ್ಳಿ, ಜಮೀನಿನ ಬಗೆ ನೋಡಿ ದರ ಲೆಕ್ಕ ಹಾಕುತ್ತವೆ. ರಾಜ್ಯದಾದ್ಯಂತ ದೊಡ್ಡ ಪರಿಷ್ಕರಣೆ ಜಾರಿಗೆ ಬಂದದ್ದು 2023ರ ಅಕ್ಟೋಬರ್ 1ರಂದು. ನಿಮ್ಮ ಜಾಗದ ದರ ಕಾವೇರಿ ಪೋರ್ಟಲ್‌ನಲ್ಲಿ ಸಿಗುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. ಸಮಿತಿ ಬೆಲೆ ಕಟ್ಟುವುದು ಬೀದಿಗೆ. ನಿಮ್ಮ ಸೈಟಿನ ಹಿಂದೆ ಮೋರಿ ಇದೆಯಾ, ತಲೆ ಮೇಲೆ ಹೈಟೆನ್ಷನ್ ತಂತಿ ಹೋಗಿದೆಯಾ ಅನ್ನುವುದು ಪಟ್ಟಿಗೆ ಗೊತ್ತಿರುವುದಿಲ್ಲ. ಮುಂದೆ ಹೇಳುವ ಎಲ್ಲ ವಾದವೂ ಹುಟ್ಟುವುದು ಈ ಜಾಗದಿಂದಲೇ.

ನಾವು ಕೊಟ್ಟಿದ್ದು ಕಡಿಮೆ ಬೆಲೆ. ಅದರ ಮೇಲೇ ಶುಲ್ಕ ಕಟ್ಟಿದರೆ ಸಾಲದಾ?

ಸಾಲದು. ಕಾಯ್ದೆಯ ಪ್ರಕಾರ ಶುಲ್ಕ ಬೀಳುವುದು ಮಾರುಕಟ್ಟೆ ಮೌಲ್ಯದ ಮೇಲೆ. ಕ್ರಯಪತ್ರದಲ್ಲಿ ಬರೆದ ಬೆಲೆ ಅದಕ್ಕಿಂತ ಜಾಸ್ತಿ ಇದ್ದರೆ ಆ ಬೆಲೆಯ ಮೇಲೆ. ಎರಡರಲ್ಲಿ ಯಾವುದು ಹೆಚ್ಚೋ ಅದು.

ಒಂದು ಲೆಕ್ಕ ನೋಡೋಣ. ನಗರದ ಒಂದು ಸೈಟಿಗೆ ನೀವು 40 ಲಕ್ಷ ಕೊಟ್ಟಿದ್ದೀರಿ, ಗೈಡೆನ್ಸ್ ವ್ಯಾಲ್ಯೂ 52 ಲಕ್ಷ ಇದೆ ಅಂದುಕೊಳ್ಳಿ. ವ್ಯತ್ಯಾಸ 12 ಲಕ್ಷ. ಅದರ ಮೇಲೆ ಶೇ 5ರ ಮುದ್ರಾಂಕ ಶುಲ್ಕ 60,000 ರೂಪಾಯಿ. ಆ ಶುಲ್ಕದ ಮೇಲೆ ಶೇ 10 ಸೆಸ್, ಶೇ 2 ಸರ್ಚಾರ್ಜ್ ಸೇರಿ 7,200. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿತು. ಆ ಲೆಕ್ಕದಲ್ಲಿ 24,000. ಒಟ್ಟು 91,200 ರೂಪಾಯಿ. ಸಾಲ ಮಾಡಿ ಸೈಟು ಕೊಂಡವರಿಗೆ ಇದು ಚಿಕ್ಕ ಮೊತ್ತ ಅಲ್ಲವೇ ಅಲ್ಲ. ಆದಾಯ ತೆರಿಗೆಯ ಪೆಟ್ಟು ಬೇರೆ ಇದೆ, ಅದನ್ನು ಕೆಳಗೆ ಹೇಳುತ್ತೇನೆ.

ಸರ್ಕಾರ ಹೇಳಿದ ದರವೇ ಕೊನೆ ಅಲ್ವಾ? ಕೋರ್ಟ್‌ಗಳು ಏನು ಹೇಳಿವೆ?

ಕೊನೆ ಅಲ್ಲ. ಮೂರು ತೀರ್ಪು ನೆನಪಿಟ್ಟುಕೊಳ್ಳಿ.

1994ರಲ್ಲಿ ಆಂಧ್ರದ ಜವಾಜಿ ನಾಗನಾಥಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮೌಲ್ಯದ ರಿಜಿಸ್ಟರಿಗೆ (ಅಲ್ಲಿನ ಸರ್ಕಾರಿ ದರದ ಪಟ್ಟಿಗೆ) ಕಾಯ್ದೆಯ ಬೆಂಬಲ ಇಲ್ಲ, ಅದೊಂದನ್ನೇ ನಂಬಿ ಮಾರುಕಟ್ಟೆ ಬೆಲೆ ಹೇಳಲಾಗದು ಅಂದಿತು. ನಂತರ ಪಂಜಾಬ್ ಸರ್ಕಾರ ಮತ್ತು ಮೊಹಾಬಿರ್ ಸಿಂಗ್ ನಡುವಿನ ಪ್ರಕರಣದಲ್ಲಿ, ಮಾರ್ಗಸೂಚಿ ದರ ಮೇಲ್ನೋಟದ ಅಂದಾಜಿಗೆ ಮಾತ್ರ ಆಧಾರ ಅಂತ ಹೇಳಿತು. 2003ರ ಆರ್. ಸಾಯಿ ಭಾರತಿ ಪ್ರಕರಣದಲ್ಲೂ ಅದೇ ಮಾತು: ಈ ದರ ಅಂತಿಮವಲ್ಲ, ಬೇರೆ ಸಾಕ್ಷ್ಯ ತೋರಿಸುವ ಅವಕಾಶ ಪಕ್ಷಗಾರರಿಗೆ ಇದೆ.

ಮೊದಲನೆಯ ತೀರ್ಪನ್ನು ಕರ್ನಾಟಕದಲ್ಲಿ ಎಚ್ಚರಿಕೆಯಿಂದ ಬಳಸಬೇಕು. ನಮ್ಮಲ್ಲಿ 45-ಬಿ ಕಲಂ ಇರುವುದರಿಂದ ಸಮಿತಿಗೆ, ಅದರ ಪಟ್ಟಿಗೆ ಕಾಯ್ದೆಯ ಬೆಂಬಲ ಇದೆ. "ಈ ಪಟ್ಟಿಗೆ ಕಿಮ್ಮತ್ತೇ ಇಲ್ಲ" ಅಂತ ವಾದಿಸಿದರೆ ನಡೆಯುವುದು ಕಷ್ಟ. "ಪಟ್ಟಿ ಇರಲಿ, ಆದರೆ ನನ್ನ ಸೈಟಿನ ನಿಜವಾದ ಬೆಲೆ ಇದು, ಇಲ್ಲಿದೆ ಪುರಾವೆ" ಅನ್ನುವ ವಾದ ಗಟ್ಟಿ. ಜನ ಮೊದಲನೆಯ ವಾದಕ್ಕೆ ಸಮಯ, ದುಡ್ಡು ಎರಡನ್ನೂ ಸುರಿದು, ಎರಡನೆಯದಕ್ಕೆ ಒಂದು ಫೋಟೋವನ್ನೂ ತೆಗೆದಿಟ್ಟುಕೊಂಡಿರುವುದಿಲ್ಲ. ಇದನ್ನು ನೋಡಿದಾಗಲೆಲ್ಲ ನನಗೆ ತುಂಬಾ ಬೇಜಾರಾಗುತ್ತದೆ.

ಹಾಗಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಏನು ಮಾಡಬೇಕು?

ದಾರಿ 45-ಎ ಕಲಂನಲ್ಲಿದೆ. ಪತ್ರದಲ್ಲಿ ತೋರಿಸಿದ ಮೌಲ್ಯ ಕಡಿಮೆ ಅಂತ ನಂಬಲು ಕಾರಣ ಇದ್ದರೆ ಸಬ್ ರಿಜಿಸ್ಟ್ರಾರ್ ತಮ್ಮ ಅಂದಾಜು ಮೌಲ್ಯ ಎಷ್ಟು ಅಂತ ನಿಮಗೆ ತಿಳಿಸಬೇಕು. ನೀವು ಒಪ್ಪಿ ಕಟ್ಟಿದರೆ ನೋಂದಣಿ ಮುಗಿಯುತ್ತದೆ. ಒಪ್ಪದಿದ್ದರೆ ಅವರು ಪತ್ರವನ್ನು ಪೆಂಡಿಂಗ್ ಇಟ್ಟು ಮೌಲ್ಯ ನಿರ್ಧಾರಕ್ಕೆ ಮೇಲಿನ ಅಧಿಕಾರಿಗೆ ಕಳಿಸಬೇಕು. ಕಾಯ್ದೆಯಲ್ಲಿ ಡೆಪ್ಯೂಟಿ ಕಮಿಷನರ್ ಅಂತ ಬರೆದಿದ್ದರೂ ಈ ಕೆಲಸ ಮಾಡುವುದು ಜಿಲ್ಲಾ ನೋಂದಣಾಧಿಕಾರಿ. ಅವರು ನಿಮಗೆ ನೋಟಿಸ್ ಕೊಡಬೇಕು, ನಿಮ್ಮ ಮಾತು ಕೇಳಬೇಕು, ವಿಚಾರಣೆ ನಡೆಸಿ ಆದೇಶ ಬರೆಯಬೇಕು.

ಬಾಯಿಮಾತಿನಲ್ಲಿ ವಾದ ಮಾಡಬೇಡಿ. "ಈ ಮೌಲ್ಯ ನನಗೆ ಒಪ್ಪಿಗೆ ಇಲ್ಲ, 45-ಎ ಕಲಂ ಪ್ರಕಾರ ಪತ್ರವನ್ನು ಜಿಲ್ಲಾ ನೋಂದಣಾಧಿಕಾರಿಗಳಿಗೆ ಕಳಿಸಿಕೊಡಿ" ಅಂತ ಒಂದು ಹಾಳೆಯಲ್ಲಿ ಬರೆದು ಕೊಡಿ. ಸ್ವೀಕೃತಿ ತೆಗೆದುಕೊಳ್ಳಿ. ಅರ್ಜಿ ತಳ್ಳಿಹಾಕಿದರೆ ಹಿಂಬರಹ (ಲಿಖಿತ ಉತ್ತರ) ಕೇಳಿ. ಅಕ್ಕನ ಪತ್ರದ ದಿನ ಕೌಂಟರ್‌ನಲ್ಲಿದ್ದವರು, "ಸಿಸ್ಟಮ್ ತಗೊಳ್ಳಲ್ಲ ಸರ್, ಸುಮ್ನೆ ಕಟ್ಟಿಬಿಡಿ" ಅಂದರು. ನಮ್ಮ ಪತ್ರ ಬರಹಗಾರರೂ ಅದನ್ನೇ ಹೇಳಿದರು. "ತಗೊಳ್ಳಲ್ಲ ಅಂತ ಹಿಂಬರಹ ಕೊಡಿ ಮೇಡಂ, ನಾವು ಹೋಗ್ತೀವಿ" ಅಂತ ಅಕ್ಕ ಕೂತೇ ಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಅರ್ಜಿಗೆ ಸೀಲು ಬಿತ್ತು.

ಪತ್ರ ಪೆಂಡಿಂಗ್ ಇದ್ದರೆ ಆಸ್ತಿ ಕೈತಪ್ಪುತ್ತದಾ?

ಎಲ್ಲರಿಗೂ ಇರುವ ಭಯ ಇದು. 1908ರ ನೋಂದಣಿ ಕಾಯ್ದೆಯ 47ನೇ ಕಲಂ ಇದಕ್ಕೆ ಉತ್ತರ ಕೊಡುತ್ತದೆ. ಪತ್ರ ತಡವಾಗಿ ನೋಂದಣಿ ಆದರೂ, ಒಮ್ಮೆ ಆಯಿತೆಂದರೆ ಅದು ಬರೆದುಕೊಟ್ಟ ದಿನದಿಂದಲೇ ಜಾರಿ ಅಂತ ಲೆಕ್ಕ. ಆದರೆ ಪತ್ರವನ್ನು ಹಾಜರುಪಡಿಸಲು ಸಹಿ ಬಿದ್ದ ದಿನದಿಂದ ನಾಲ್ಕು ತಿಂಗಳ ಗಡುವಿದೆ. ಅದರೊಳಗೆ ಕೊಟ್ಟಿರಬೇಕು.

ಪ್ರಾಯೋಗಿಕ ತೊಂದರೆ ಬೇರೆ. ನೋಂದಣಿ ಮುಗಿಯುವವರೆಗೆ ಇಸಿಯಲ್ಲಿ (ಋಣಭಾರ ಪ್ರಮಾಣಪತ್ರದಲ್ಲಿ) ನಿಮ್ಮ ಹೆಸರು ಬರುವುದಿಲ್ಲ, ಖಾತೆ ಬದಲಾಗುವುದಿಲ್ಲ. ಬ್ಯಾಂಕ್ ಸಾಲ ಇದ್ದರೆ ಮ್ಯಾನೇಜರ್‌ಗೆ ಮೊದಲೇ ಹೇಳಿ. ಸಾಲದ ಹಣ ಬಿಡುಗಡೆಗೆ ನೋಂದಣಿಯೇ ಷರತ್ತಾಗಿದ್ದರೆ, ತಕರಾರು ಮಾಡಿ ಗೆದ್ದರೂ ಬಡ್ಡಿಯಲ್ಲಿ ಸೋಲಬಹುದು. ವ್ಯತ್ಯಾಸ ಹತ್ತಿಪ್ಪತ್ತು ಸಾವಿರ ಮಾತ್ರ ಅಂದರೆ ಕಟ್ಟಿ ಮುಗಿಸುವುದೇ ಮೇಲು ಅನ್ನುವುದು ನನ್ನ ಅಭಿಪ್ರಾಯ.

ಯಾವ ಥರದ ಪುರಾವೆ ಕೆಲಸಕ್ಕೆ ಬರುತ್ತದೆ?

ಪತ್ರದಲ್ಲಿ ಮೌಲ್ಯ ಕಡಿಮೆ ತೋರಿಸುವುದನ್ನು ತಡೆಯುವ 1977ರ ಕರ್ನಾಟಕ ಮುದ್ರಾಂಕ ನಿಯಮಗಳಲ್ಲಿ ಮೌಲ್ಯ ನಿರ್ಧರಿಸುವಾಗ ಏನೇನು ನೋಡಬೇಕು ಅಂತ ಇದೆ. ಜಮೀನಾದರೆ ಖುಷ್ಕಿಯೋ ತರಿಯೋ, ಬೆಳೆ ಎಷ್ಟು, ರಸ್ತೆಗೆ ಎಷ್ಟು ಹತ್ತಿರ. ಸೈಟಾದರೆ ಸುತ್ತಲಿನ ಬೆಲೆ, ಬಸ್ಸು, ಮಾರುಕಟ್ಟೆ, ಆಸ್ಪತ್ರೆ, ಶಾಲೆಗಳ ಹತ್ತಿರ. ಕಟ್ಟಡವಾದರೆ ಕಟ್ಟಿದ ವರ್ಷ, ಬಳಸಿದ ಸಾಮಗ್ರಿ, ಸವಕಳಿ, ಬಾಡಿಗೆ. ನಿಮ್ಮ ಅರ್ಜಿ ಈ ಅಂಶಗಳ ಮೇಲೇ ನಿಲ್ಲಲಿ.

ಅಕ್ಕನ ಸೈಟಿನ ಕಥೆ ಹೇಳುತ್ತೇನೆ. 30 ಬೈ 40 ಸೈಟು. ಸರ್ವೆ ನಂಬರ್ ಒಂದೇ ಆದ್ದರಿಂದ ಮುಖ್ಯರಸ್ತೆಯ ದರವನ್ನೇ ಇದಕ್ಕೂ ಹಾಕಿದ್ದರು. ಆದರೆ ಸೈಟಿಗೆ ಹೋಗುವುದು ಒಂದು ಓಣಿಯಲ್ಲಿ. ಭಾವ ಟೇಪು ಹಿಡಿದು ಓಣಿಯ ಅಗಲ ಅಳೆದರು. ಬಾಯಿಯಲ್ಲಿ ಹನ್ನೆರಡು ಅಡಿ. ಒಳಗೆ ಒಂದು ವಿದ್ಯುತ್ ಕಂಬದ ಹತ್ತಿರ ಏಳೂವರೆ ಅಡಿ. ಟೇಪಿನ ಅಂಕಿ ಕಾಣುವಂತೆ ನಾನು ಫೋಟೋ ತೆಗೆದೆ. ಹಿಂಬದಿಯ ಮೋರಿಯನ್ನು, ಮಳೆಗಾಲದಲ್ಲಿ ನೀರು ನಿಂತು ಗೋಡೆ ಮೇಲೆ ಬಿದ್ದ ಕಂದು ಗೆರೆಯನ್ನೂ ತೆಗೆದೆ. ಅದೇ ಓಣಿಯ ಇನ್ನೆರಡು ಸೈಟುಗಳ ಕ್ರಯಪತ್ರಗಳ ದೃಢೀಕೃತ ನಕಲು ತಂದೆವು. ಮಂಜೂರಾದ ಬಡಾವಣೆ ನಕ್ಷೆಯನ್ನೂ ಲಗತ್ತಿಸಿದೆವು. ನೋಂದಾಯಿತ ಮೌಲ್ಯಮಾಪಕರ ವರದಿ ಕೊನೆಯಲ್ಲಿ ಇಟ್ಟೆವು.

ವಿಚಾರಣೆಯ ದಿನ ಅಧಿಕಾರಿ ವರದಿಯನ್ನು ಪಕ್ಕಕ್ಕಿಟ್ಟು ಆ ಕಂಬದ ಫೋಟೋವನ್ನೇ ಬಹಳ ಹೊತ್ತು ನೋಡಿದರು. "ಇಲ್ಲಿ ಕಾರು ಹೋಗುತ್ತಾ?" ಅಂತ ಕೇಳಿದರು. "ಕಂಬದ ಹತ್ತಿರ ಬಹಳ ಕಷ್ಟ ಸರ್" ಅಂದರು ಭಾವ. ನಾವು ಕೇಳಿದಷ್ಟು ಇಳಿಯಲಿಲ್ಲ. ಆದರೆ ಮುಖ್ಯರಸ್ತೆ ದರ ಹೋಗಿ ಅಡ್ಡರಸ್ತೆ ದರ ಬಂತು. ಅದಕ್ಕೆ ಎಂಟು ತಿಂಗಳು ಹಿಡಿಯಿತು.

"ಮಾರಿದವರಿಗೆ ಅವಸರ ಇತ್ತು, ಅದಕ್ಕೇ ಕಡಿಮೆಗೆ ಕೊಟ್ಟರು" ಅನ್ನುವುದು ಒಳ್ಳೆಯ ವಾದ ಅಲ್ಲ. ತೆರೆದ ಮಾರುಕಟ್ಟೆಯಲ್ಲಿ ಆ ಆಸ್ತಿಗೆ ಏನು ಬೆಲೆ ಬರುತ್ತಿತ್ತು ಅನ್ನುವುದಷ್ಟೇ ಕಾಯ್ದೆಗೆ ಬೇಕು. ಮಾರಿದವರ ಕಷ್ಟ ಆಸ್ತಿಯ ಗುಣ ಆಗುವುದಿಲ್ಲ. ಆಸ್ತಿಯ ಮೇಲೆ ದಾವೆ, ಬಾಡಿಗೆದಾರರು, ದಾರಿ ಹಕ್ಕಿನ ಜಗಳ ಇದ್ದರೆ ಅದು ಬೇರೆ ಮಾತು. ಅಂಥದ್ದು ಬೆಲೆಯನ್ನು ನಿಜಕ್ಕೂ ಇಳಿಸುತ್ತದೆ, ದಾಖಲೆ ಸಮೇತ ಹೇಳಿ.

ಅಧಿಕಾರಿ ನಮಗೆ ಹೇಳದೆ ಜಾಗ ನೋಡಿಕೊಂಡು ಹೋಗಿ ವರದಿ ಬರೆದರೆ?

ಅದನ್ನು ಪ್ರಶ್ನಿಸಿ. ಉತ್ತರ ಪ್ರದೇಶ ಸರ್ಕಾರ ಮತ್ತು ಅಂಬ್ರೀಶ್ ಟಂಡನ್ ನಡುವಿನ 2012ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ನೋಡಿತು. ಸ್ಥಳ ಪರಿಶೀಲನೆಗೆ ಮೊದಲು ಪಕ್ಷಗಾರರಿಗೆ ನೋಟಿಸ್ ಹೋಗಬೇಕು ಅಂದಿತು. ಇನ್ನೂ ಒಂದು ಮುಖ್ಯ ಮಾತು ಅಲ್ಲಿದೆ. ಖರೀದಿ ಮಾಡಿದ ದಿನ ಆಸ್ತಿಯ ಬಳಕೆ ಏನಿತ್ತು ಅನ್ನುವುದನ್ನು ನೋಡಬೇಕು. ನಂತರ ಅದನ್ನು ವ್ಯಾಪಾರಕ್ಕೆ ಬಳಸಿದರು ಅನ್ನುವ ಕಾರಣಕ್ಕೆ ಹಳೇ ಪತ್ರಕ್ಕೆ ವಾಣಿಜ್ಯ ದರ ಹಾಕಲಾಗದು. ಹಾಗಾಗಿ ನೋಂದಣಿ ದಿನದ ಆಸುಪಾಸಿನ ಫೋಟೋ, ಕರೆಂಟ್ ಬಿಲ್, ತೆರಿಗೆ ರಸೀದಿ ಜೋಪಾನ ಮಾಡಿ.

ಆದೇಶವೂ ನಮ್ಮ ವಿರುದ್ಧ ಬಂದರೆ?

45-ಎ ಕಲಂನಲ್ಲೇ ಮೇಲ್ಮನವಿಗೆ ಅವಕಾಶ ಇದೆ. ಅದಕ್ಕೆ ಗಡುವಿದೆ, ಹಣ ಜಮಾ ಮಾಡುವ ಷರತ್ತೂ ಇದೆ. ಆದೇಶ ಕೈಗೆ ಬಂದ ದಿನಾಂಕವನ್ನು ಲಕೋಟೆ ಮೇಲೇ ಬರೆದಿಟ್ಟುಕೊಳ್ಳಿ, ಲಕೋಟೆ ಬಿಸಾಡಬೇಡಿ.

ನೇರ ಹೈಕೋರ್ಟ್‌ಗೆ ಹೋಗಬಹುದಾ ಅಂತ ಬಹಳ ಜನ ಕೇಳುತ್ತಾರೆ. ಸಂವಿಧಾನದ 226ನೇ ವಿಧಿಯಲ್ಲಿ ರಿಟ್ ಹಾಕಬಹುದು. ಆದರೆ ಮೇಲ್ಮನವಿಯ ದಾರಿ ಇರುವಾಗ ಕೋರ್ಟ್ ಸಾಮಾನ್ಯವಾಗಿ ಅಲ್ಲಿಗೇ ಹೋಗಿ ಅನ್ನುತ್ತದೆ. ನೋಟಿಸ್ ಕೊಡಲಿಲ್ಲ, ಮಾತೇ ಕೇಳಲಿಲ್ಲ, ಆದೇಶದಲ್ಲಿ ಕಾರಣವೇ ಇಲ್ಲ, ಕಾಯ್ದೆ ಕೊಡದ ಅಧಿಕಾರ ಚಲಾಯಿಸಿದರು ಅನ್ನುವಂಥ ದೋಷ ಇದ್ದರೆ ರಿಟ್‌ಗೆ ಬಲ ಬರುತ್ತದೆ. "ದರ ಜಾಸ್ತಿಯಾಯ್ತು" ಅನ್ನುವುದೊಂದೇ ಸಾಲದು.

ನಮ್ಮ ಇಡೀ ಬಡಾವಣೆಯ ದರವೇ ತಪ್ಪಾಗಿದೆ. ಏನು ಮಾಡೋದು?

ಪರಿಷ್ಕರಣೆಯ ಕರಡು ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು ಕೆಲವು ದಿನ ಕೊಡುತ್ತಾರೆ. ಅದೇ ಸರಿಯಾದ ಹೊತ್ತು. ನಿವಾಸಿಗಳ ಸಂಘದ ಹೆಸರಲ್ಲಿ, ಇತ್ತೀಚಿನ ಕ್ರಯಪತ್ರಗಳ ಪಟ್ಟಿ ಇಟ್ಟು ಬರೆಯಿರಿ. ಒಬ್ಬರ ಅರ್ಜಿಗಿಂತ ಒಂದು ಬೀದಿಯ ಅರ್ಜಿಗೆ ತೂಕ ಜಾಸ್ತಿ. ಆ ಹೊತ್ತಿನಲ್ಲಿ ಸುಮ್ಮನಿದ್ದು, ಅಂತಿಮ ಅಧಿಸೂಚನೆ ಬಂದ ಮೇಲೆ ಅದನ್ನೇ ರದ್ದು ಮಾಡಿಸಲು ಹೊರಟರೆ ದಾರಿ ಬಹಳ ಕಡಿದು.

ಮೊದಲೇ ಒಪ್ಪಿ ಕಟ್ಟಿಬಿಟ್ಟಿದ್ದೇವೆ. ವಾಪಸ್ ಬರುತ್ತದಾ?

ಕಷ್ಟ. 45-ಎ ದಾರಿ ತೆರೆಯುವುದೇ ನೀವು ಒಪ್ಪದಿದ್ದಾಗ. ತಕರಾರಿಲ್ಲದೆ ಕಟ್ಟಿ, ಪತ್ರ ನೋಂದಣಿ ಆದ ಮೇಲೆ ಬೆಲೆ ತಪ್ಪಿತ್ತು ಅಂದರೆ ಕೇಳುವವರು ಕಡಿಮೆ. ತಪ್ಪು ಸರ್ವೆ ನಂಬರ್ ಅಥವಾ ವಿಸ್ತೀರ್ಣ ಹಾಕಿ ಲೆಕ್ಕ ಮಾಡಿದ್ದರೆ ಮಾತ್ರ ಕೂಡಲೇ ಲಿಖಿತವಾಗಿ ಕೇಳಿ.

ನೋಂದಣಿ ಆಗಿ ವರ್ಷದ ಮೇಲೆ "ಮೌಲ್ಯ ಕಡಿಮೆ ತೋರಿಸಿದ್ದೀರಿ" ಅಂತ ನೋಟಿಸ್ ಬಂದಿದೆ.

ಗಾಬರಿ ಬೇಡ, ನಿರ್ಲಕ್ಷ್ಯವೂ ಬೇಡ. ಮೊದಲೇ ಮೇಲಕ್ಕೆ ಕಳಿಸದ ಪತ್ರವನ್ನು ಜಿಲ್ಲಾ ನೋಂದಣಾಧಿಕಾರಿ ತಾವಾಗಿಯೇ ತರಿಸಿ ನೋಡಬಹುದು. ಆದರೆ ನೋಂದಣಿಯಾದ ಎರಡು ವರ್ಷದೊಳಗೆ. ಮೊದಲು ನೋಂದಣಿಯ ದಿನಾಂಕ, ನೋಟಿಸ್‌ನ ದಿನಾಂಕ ಎರಡನ್ನೂ ನೋಡಿ ನಡುವಿನ ಕಾಲ ಎಣಿಸಿ. ಆಮೇಲೆ ಯಾವ ಆಧಾರದ ಮೇಲೆ ಮೌಲ್ಯ ಕಡಿಮೆ ಅನ್ನುತ್ತಿದ್ದಾರೆ ಅಂತ ಕೇಳಿ, ಆ ವರದಿಯ ನಕಲು ಪಡೆಯಿರಿ. ಉತ್ತರವೇ ಕೊಡದಿದ್ದರೆ ನಿಮ್ಮ ಮಾತಿಲ್ಲದೆಯೇ ಆದೇಶ ಆಗಿಬಿಡುತ್ತದೆ.

ಅಗ್ರಿಮೆಂಟ್ ಮಾಡಿದಾಗ ದರ ಕಡಿಮೆ ಇತ್ತು. ಯಾವ ದಿನದ ದರ ಲೆಕ್ಕ?

ಮುದ್ರಾಂಕ ಶುಲ್ಕಕ್ಕೆ ಅಗ್ರಿಮೆಂಟ್ ದಿನದ ದರ ನಡೆಯುವುದಿಲ್ಲ. ಕ್ರಯಪತ್ರ ಆಗುವ ಹೊತ್ತಿನ ಮೌಲ್ಯ ಬೇಕು. ರಾಜಸ್ಥಾನ ಸರ್ಕಾರ ಮತ್ತು ಖಂಡಾಕ ಜೈನ್ ಜ್ಯುವೆಲರ್ಸ್ ನಡುವಿನ 2007ರ ತೀರ್ಪು ಇದನ್ನು ಸ್ಪಷ್ಟ ಮಾಡಿದೆ. ಅಲ್ಲಿ ಕೋರ್ಟ್ ಡಿಕ್ರಿಯ ಮೂಲಕ ವರ್ಷಗಳ ನಂತರ ಪತ್ರ ಆಗಿತ್ತು. ಆದರೂ ಹಳೇ ಬೆಲೆ ಒಪ್ಪಲಿಲ್ಲ.

ಕೋರ್ಟ್ ಹರಾಜಿನಲ್ಲಿ ಕೊಂಡ ಆಸ್ತಿಗೂ ಗೈಡೆನ್ಸ್ ವ್ಯಾಲ್ಯೂ ಹಾಕುತ್ತಾರಾ?

ಹಾಕಬಾರದು. ಎಎಸ್‌ಎಲ್ ವ್ಯಾಪಾರ್ ಕಂಪನಿಯ ಪ್ರಕರಣದಲ್ಲಿ 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಕೋರ್ಟ್ ಮೂಲಕ ನಡೆದ ಬಹಿರಂಗ ಹರಾಜಿನ ಬೆಲೆಯೇ ಮಾರುಕಟ್ಟೆ ಮೌಲ್ಯ, ನೋಂದಣಿ ಅಧಿಕಾರಿ ಅದನ್ನು ಮತ್ತೆ ಕೆದಕಲಾಗದು ಅಂದಿತು. ಬ್ಯಾಂಕ್ ತಾನೇ ನಡೆಸುವ ಹರಾಜಿಗೂ ಇದೇ ಅನ್ವಯ ಅಂತ ನೀವಾಗಿ ತೀರ್ಮಾನಿಸಬೇಡಿ. ಬಿಡ್ ಹಾಕುವ ಮೊದಲೇ ವಕೀಲರನ್ನು ಕೇಳಿ.

ಆದಾಯ ತೆರಿಗೆಗೂ ಇದಕ್ಕೂ ಏನು ಸಂಬಂಧ?

ಬಹಳ ಸಂಬಂಧ ಇದೆ, ಮತ್ತು ಜನ ಎಡವುವುದು ಇಲ್ಲೇ. 1961ರ ಆದಾಯ ತೆರಿಗೆ ಕಾಯ್ದೆಯ (2026ರ ಏಪ್ರಿಲ್ 1ರಿಂದ ಇದರ ಜಾಗಕ್ಕೆ 2025ರ ಹೊಸ ಕಾಯ್ದೆ, ಅದರಲ್ಲಿ ಕಲಂ ಸಂಖ್ಯೆಗಳು ಬೇರೆ) 50ಸಿ ಕಲಂ ಮಾರಿದವರನ್ನು ಹಿಡಿಯುತ್ತದೆ. ಸ್ಟಾಂಪ್ ಮೌಲ್ಯ (ಮುದ್ರಾಂಕ ಶುಲ್ಕಕ್ಕೆ ಹಿಡಿದ ಮೌಲ್ಯ) ಮಾರಿದ ಬೆಲೆಯ ಶೇ 110ನ್ನು ದಾಟಿದರೆ ಸ್ಟಾಂಪ್ ಮೌಲ್ಯಕ್ಕೇ ಮಾರಿದಿರಿ ಅಂತ ಲೆಕ್ಕ. ನಮ್ಮ ಉದಾಹರಣೆಯಲ್ಲಿ 40 ಲಕ್ಷದ ಶೇ 110 ಅಂದರೆ 44 ಲಕ್ಷ. 52 ಅದನ್ನು ದಾಟಿದೆ. ಹಾಗಾಗಿ ಕೈಗೆ ಬರದ 12 ಲಕ್ಷಕ್ಕೂ ಲಾಭದ ತೆರಿಗೆ ಬೀಳುತ್ತದೆ. ಕೊಂಡವರಿಗೆ 56(2)(ಎಕ್ಸ್) ಇದೆ. ಅದೇ 12 ಲಕ್ಷ ಅವರ ಇತರ ಆದಾಯ ಅಂತಾಗುತ್ತದೆ. ಒಂದೇ ವ್ಯತ್ಯಾಸಕ್ಕೆ ಎರಡೂ ಕಡೆ ತೆರಿಗೆ.

ತಪ್ಪಿಸಿಕೊಳ್ಳುವ ದಾರಿಯನ್ನೂ ಕಾಯ್ದೆಯೇ ಕೊಟ್ಟಿದೆ. ಸ್ಟಾಂಪ್ ಮೌಲ್ಯ ನಿಜವಾದ ಬೆಲೆಗಿಂತ ಹೆಚ್ಚು ಅಂತ ತೆರಿಗೆ ಅಧಿಕಾರಿಯ ಮುಂದೆ ಹೇಳಿದರೆ, ಅವರು ಅದನ್ನು ಇಲಾಖೆಯ ಮೌಲ್ಯಮಾಪನ ಅಧಿಕಾರಿಗೆ ಒಪ್ಪಿಸಬಹುದು. ಕಲ್ಕತ್ತಾ ಹೈಕೋರ್ಟ್ 2014ರಲ್ಲಿ ಸುನಿಲ್ ಕುಮಾರ್ ಅಗರ್ವಾಲ್ ಪ್ರಕರಣದಲ್ಲಿ, ತೆರಿಗೆದಾರರು ಕೇಳದಿದ್ದರೂ ಅಧಿಕಾರಿ ಈ ಅವಕಾಶ ಕೊಡಬೇಕು ಅಂದಿದೆ. ಆದರೆ ಒಂದು ಷರತ್ತನ್ನು ಮರೆಯಬೇಡಿ. ಅದೇ ಸ್ಟಾಂಪ್ ಮೌಲ್ಯವನ್ನು ಮುದ್ರಾಂಕ ಕಾಯ್ದೆಯಡಿ ಮೇಲ್ಮನವಿಯಲ್ಲಿ ಪ್ರಶ್ನಿಸಿದ್ದರೆ ಈ ದಾರಿ ಮುಚ್ಚುತ್ತದೆ. ಅಲ್ಲಿ ಮೌಲ್ಯ ಇಳಿದರೆ ಇಳಿದ ಅಂಕಿಯೇ ತೆರಿಗೆಗೂ ಬರುತ್ತದೆ. ಕೊಂಡವರು ಮತ್ತು ಮಾರಿದವರು ಮೊದಲೇ ಕೂತು ಮಾತಾಡಿಕೊಳ್ಳಿ.

ದಿನಾಂಕದ ವಿಷಯದಲ್ಲಿ ತೆರಿಗೆ ಕಾಯ್ದೆ ಸ್ವಲ್ಪ ಉದಾರ. ಅಗ್ರಿಮೆಂಟ್ ದಿನ ಅಥವಾ ಅದಕ್ಕೆ ಮೊದಲು ಸ್ವಲ್ಪ ಹಣವನ್ನಾದರೂ ಬ್ಯಾಂಕ್ ಮೂಲಕ ಕೊಟ್ಟಿದ್ದರೆ ಅಗ್ರಿಮೆಂಟ್ ದಿನದ ದರ ಹಿಡಿಯಬಹುದು. ಮುಂಗಡವನ್ನು ನಗದಾಗಿ ಕೊಟ್ಟರೆ ಇದು ಸಿಗುವುದಿಲ್ಲ.

ನಮ್ಮ ಜಮೀನು ರಸ್ತೆಗೆ ಹೋಗುತ್ತಿದೆ. ಇಲ್ಲಿ ಗೈಡೆನ್ಸ್ ವ್ಯಾಲ್ಯೂ ತುಂಬಾ ಕಡಿಮೆ. ಅಷ್ಟೇನಾ ನಮಗೆ?

ಇಲ್ಲಿ ಪಟ್ಟಿ ಉಲ್ಟಾ ಹೊಡೆಯುತ್ತದೆ. ಕೊಳ್ಳುವಾಗ ಕಡಿಮೆ ಇರಲಿ ಅಂದುಕೊಂಡ ದರವೇ ಕಳೆದುಕೊಳ್ಳುವಾಗ ಕುತ್ತಿಗೆಗೆ ಬರುತ್ತದೆ. ಊರಲ್ಲಿ ಎಕರೆಗೆ ನಡೆಯುವ ಬೆಲೆ ಒಂದು, ಪತ್ರದಲ್ಲಿ ಬರೆಯುವುದು ಇನ್ನೊಂದು. ವರ್ಷಗಟ್ಟಲೆ ಹಾಗೆ ಬರೆದ ಪತ್ರಗಳೇ ಮುಂದೆ ಪರಿಹಾರದ ಲೆಕ್ಕಕ್ಕೆ ಸಾಕ್ಷಿಯಾಗುತ್ತವೆ.

ಆದರೂ ಪಟ್ಟಿ ದರವೇ ಕೊನೆಯಲ್ಲ. 2013ರ ಭೂಸ್ವಾಧೀನ ಕಾಯ್ದೆಯ 26ನೇ ಕಲಂ ಸ್ಟಾಂಪ್ ಮೌಲ್ಯವನ್ನು ಒಂದು ಅಳತೆಯಾಗಿ ಮಾತ್ರ ಇಟ್ಟಿದೆ. ಇನ್ನೊಂದು ಅಳತೆ ಹತ್ತಿರದ ಅದೇ ಬಗೆಯ ಜಮೀನುಗಳ ಹಿಂದಿನ ಮೂರು ವರ್ಷದ ಮಾರಾಟ. ಆ ಪತ್ರಗಳಲ್ಲಿ ಹೆಚ್ಚು ಬೆಲೆ ಇರುವ ಅರ್ಧದಷ್ಟು ಪತ್ರಗಳನ್ನು ಮಾತ್ರ ಹಿಡಿದು ಸರಾಸರಿ ತೆಗೆಯಬೇಕು. ಯಾವುದು ಹೆಚ್ಚೋ ಅದು. ಹಳ್ಳಿಯ ಜಮೀನಿಗೆ ಆ ಬೆಲೆಯನ್ನು ಎರಡರವರೆಗಿನ ಗುಣಕದಿಂದ ಗುಣಿಸುತ್ತಾರೆ, ಅದರ ಮೇಲೆ ಶೇ 100 ಸೊಲೇಷಿಯಂ (ಒತ್ತಾಯದಿಂದ ಜಮೀನು ಹೋಗುವುದಕ್ಕೆ ಕೊಡುವ ಹೆಚ್ಚುವರಿ ಹಣ). ಸ್ವಾಧೀನಕ್ಕೆ ಕೈಹಾಕುವ ಮೊದಲು ಜಿಲ್ಲಾಧಿಕಾರಿ ಆ ಪ್ರದೇಶದ ಮೌಲ್ಯವನ್ನು ಚಾಲ್ತಿ ದರಕ್ಕೆ ಪರಿಷ್ಕರಿಸಲು ಕ್ರಮ ಕೈಗೊಳ್ಳಬೇಕು ಅಂತಲೂ ಅಲ್ಲೇ ಇದೆ. ಇದನ್ನು ಮಾಡಿದ್ದಾರಾ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ.

ಪರಿಹಾರ ಸಾಲದು ಅನ್ನಿಸಿದರೆ 64ನೇ ಕಲಂನಲ್ಲಿ ಜಿಲ್ಲಾಧಿಕಾರಿಗೆ ಲಿಖಿತ ಅರ್ಜಿ ಕೊಡಬೇಕು. ಅವಾರ್ಡ್ (ಪರಿಹಾರದ ಆದೇಶ) ಆಗುವಾಗ ನೀವು ಹಾಜರಿದ್ದರೆ ಆರು ವಾರ ಮಾತ್ರ ಸಮಯ. ಹಣ ತೆಗೆದುಕೊಳ್ಳುವಾಗ "ತಕರಾರು ಕಾಯ್ದಿರಿಸಿ ಪಡೆದಿದ್ದೇನೆ" ಅಂತ ರಸೀದಿ ಮೇಲೆ ಬರೆದೇ ಸಹಿ ಮಾಡಿ. ಬರೆಯದೆ ತೆಗೆದುಕೊಂಡವರಿಗೆ 64ನೇ ಕಲಂನ ಅರ್ಜಿಯ ಹಕ್ಕೇ ಹೋಗುತ್ತದೆ. ಎಷ್ಟೋ ರೈತರು ಹಣ ಬಂತಲ್ಲ ಅನ್ನುವ ಸಮಾಧಾನದಲ್ಲಿ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿ ಬಂದಿರುತ್ತಾರೆ. ನಿಮ್ಮ ಊರಲ್ಲಿ ಸ್ವಾಧೀನ ನಡೆಯುತ್ತಿದ್ದರೆ ಈ ಒಂದು ಸಾಲನ್ನಾದರೂ ದಯವಿಟ್ಟು ಅಕ್ಕಪಕ್ಕದವರಿಗೆ ಹೇಳಿ.

ರಾಷ್ಟ್ರೀಯ ಹೆದ್ದಾರಿಗೆ ಹೋದ ಜಮೀನಿನ ದಾರಿ ಬೇರೆ. 1956ರ ಹೆದ್ದಾರಿ ಕಾಯ್ದೆಯ 3ಜಿ(5)ರಲ್ಲಿ ಮಧ್ಯಸ್ಥಗಾರರ ಮುಂದೆ ಹೋಗಬೇಕು. ಯಾವ ಕಾಯ್ದೆಯಲ್ಲಿ ಜಮೀನು ತೆಗೆದುಕೊಳ್ಳುತ್ತಿದ್ದಾರೆ ಅಂತ ಅಧಿಸೂಚನೆಯ ಮೊದಲ ಪ್ಯಾರಾದಲ್ಲೇ ಇರುತ್ತದೆ.

ಅಪ್ಪ ಮಗಳಿಗೆ ದಾನಪತ್ರ ಮಾಡಿಕೊಟ್ಟರೂ ಈ ತಲೆನೋವು ಇದೆಯಾ?

ಕಾಯ್ದೆ ಹೇಳುವ ಕುಟುಂಬದವರ ನಡುವಿನ ದಾನಕ್ಕೆ ಮುದ್ರಾಂಕ ಶುಲ್ಕ ನಿಗದಿತ ಮೊತ್ತ. ಹಾಗಾಗಿ ಸಾಮಾನ್ಯವಾಗಿ ಮೌಲ್ಯದ ಜಗಳ ಬರುವುದಿಲ್ಲ. ಆ ಪಟ್ಟಿಯಲ್ಲಿ ನಿಮ್ಮ ಸಂಬಂಧ ಇದೆಯಾ ಅಂತ ಮೊದಲು ನೋಡಿ.

ವಕೀಲರು ಬೇಕೇ ಬೇಕಾ?

ಜಿಲ್ಲಾ ನೋಂದಣಾಧಿಕಾರಿ ಮುಂದೆ ನೀವೇ ಹೋಗಿ ಮಾತಾಡಬಹುದು. ನಾವು ಹಾಗೇ ಹೋದೆವು. ಮೇಲ್ಮನವಿ, ರಿಟ್, ಭೂಸ್ವಾಧೀನದ ಅರ್ಜಿ ಅಂದರೆ ವಕೀಲರು ಬೇಕು. ಹೋಗುವಾಗ ಕ್ರಯಪತ್ರ, ನೋಟಿಸ್ ಬಂದ ಲಕೋಟೆ, ನೀವು ಕೊಟ್ಟ ಅರ್ಜಿಯ ಸೀಲು ಬಿದ್ದ ಪ್ರತಿ, ಫೋಟೋಗಳು, ಅಕ್ಕಪಕ್ಕದ ಕ್ರಯಪತ್ರಗಳ ನಕಲು, ಇವನ್ನೆಲ್ಲ ದಿನಾಂಕದ ಪ್ರಕಾರ ಜೋಡಿಸಿಕೊಂಡು ಹೋಗಿ.